ಚೀಸ್ ಸುರಿದ ಗೆಣಸಿನ ಫ್ರೈಸ್‌ಗೆ ಯಾವುದು ವಾಸಿ? ನನ್ನ ಓಟು ಹಳೇ ಓವನ್‌ಗೆ

ಮೊದಲೇ ಹೇಳಿಬಿಡುತ್ತೇನೆ. ಗೆದ್ದದ್ದು ಮನೆಯಲ್ಲಿ ಮೊದಲಿನಿಂದಲೂ ಇದ್ದ ಓವನ್. ಏರ್ ಫ್ರೈಯರ್ ಕೊಂಡದ್ದೇ ಮುಖ್ಯವಾಗಿ ಫ್ರೈಸ್ ಆಸೆಗೆ, ಸಾದಾ ಫ್ರೈಸ್ ಅದರಲ್ಲಿ ಚೆನ್ನಾಗಿಯೇ ಆಗುತ್ತದೆ, ಆದರೆ ಚೀಸ್ ಹಾಕುವ ಹೊತ್ತಿಗೆ ಅದು ಕೈಕೊಟ್ಟಿತು. ಎಣ್ಣೆಯಲ್ಲಿ ಕರಿದದ್ದು ಬಿಸಿಬಿಸಿ ತಿನ್ನುವಾಗ ಎಲ್ಲಕ್ಕಿಂತ ರುಚಿ. ಮೇಲೆ ಚೀಸ್ ಬಿದ್ದರೆ ಮಾತ್ರ ಐದು ನಿಮಿಷವೂ ತಡೆಯುವುದಿಲ್ಲ.

ನಾನು ನೋಡುವುದು ಒಂದೇ. ತಟ್ಟೆ ಮೇಜಿಗೆ ಬಂದು ಹತ್ತು ನಿಮಿಷ ಆದ ಮೇಲೂ, ಚೀಸ್ ಅಂಟಿಕೊಂಡ ಒಂದು ತುಂಡನ್ನು ತುದಿ ಹಿಡಿದು ಎತ್ತಿದರೆ ಅದು ನೆಟ್ಟಗೆ ನಿಲ್ಲಬೇಕು. ಬಾಗಿ ಜೋತುಬಿದ್ದರೆ ಫೇಲ್. ಚೀಸ್ ಇಲ್ಲದೆ ತಿನ್ನುವವರಿಗೆ ಈ ಹೋಲಿಕೆ ಅಷ್ಟೇನೂ ಉಪಯೋಗಕ್ಕೆ ಬರಲಾರದು, ಅಲ್ಲಿ ಫಲಿತಾಂಶವೇ ಬೇರೆ ಬರುತ್ತದೆ.

ಇನ್ನೊಂದು ಮಾತು, ಆಲೂಗಡ್ಡೆ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಎರಡೂ ನೆಲದೊಳಗೆ ಬೆಳೆಯುತ್ತವೆ ಅನ್ನುವುದು ಬಿಟ್ಟರೆ ನೆಂಟಸ್ತಿಕೆ ದೂರದ್ದು. ಆಲೂಗಡ್ಡೆ ಟೊಮ್ಯಾಟೊ, ಬದನೆಯ ಕುಟುಂಬದ್ದು. ಗೆಣಸು ಮಾರ್ನಿಂಗ್ ಗ್ಲೋರಿ ಹೂವಿನ ಬಳ್ಳಿಯ ಕುಟುಂಬದ್ದು. ಗೆಣಸಿನಲ್ಲಿ ಸಕ್ಕರೆ ಜಾಸ್ತಿ. ಸಾಲದ್ದಕ್ಕೆ ಪಿಷ್ಟವನ್ನು ಸಕ್ಕರೆಯಾಗಿ ಒಡೆಯುವ ಕಿಣ್ವವೂ ಅದರೊಳಗೇ ಇದೆ, ಒಳಗಿನ ಬಿಸಿ ಸುಮಾರು 60ರಿಂದ 75 ಡಿಗ್ರಿ ಸೆಲ್ಸಿಯಸ್ ಇರುವಾಗ ಅದಕ್ಕೆ ಕೈತುಂಬ ಕೆಲಸ. ನಿಧಾನಕ್ಕೆ ಬೆಂದಷ್ಟೂ ಸಿಹಿ ಏರುತ್ತದೆ, ತಿರುಳು ಮೆತ್ತಗಾಗುತ್ತದೆ. ಇಡೀ ಗೆಣಸನ್ನು ಸುಟ್ಟು ತಿನ್ನುವಾಗ ನಮಗೆ ಬೇಕಾದದ್ದೇ ಇದು. ಫ್ರೈಸ್‌ಗೆ ಇದೇ ತಲೆನೋವು. ಹೊರಗಿನ ಸಕ್ಕರೆ ಬೇಗ ಕೆಂಪಗಾಗಿ ಸೀದು ಹೋಗುತ್ತದೆ, ಒಳಗೆ ನೀರು ಹಾಗೇ ಕೂತಿರುತ್ತದೆ.

ಕಿತ್ತಳೆ ಬಣ್ಣದ ತಿರುಳಿನ ಗೆಣಸಿನಲ್ಲಿ ಈ ಕಾಟ ಹೆಚ್ಚು. ಬಿಳಿ ತಿರುಳಿನದು ಸ್ವಲ್ಪ ಒಣ, ಗರಿಯಾಗುವುದು ಸುಲಭ. ಆದರೂ ನಾನು ತರುವುದು ಕಿತ್ತಳೆಯದ್ದನ್ನೇ. ಉಪ್ಪುಪ್ಪು ಚೀಸ್ ಪಕ್ಕ ಆ ಸಿಹಿ ಇಲ್ಲದಿದ್ದರೆ ಇಷ್ಟೆಲ್ಲ ಒದ್ದಾಡುವುದು ಯಾಕೆ, ಸುಮ್ನೆ ಆಲೂಗಡ್ಡೆ ತಿನ್ನಬಹುದಲ್ವಾ?

ತಯಾರಿ ಎಲ್ಲದಕ್ಕೂ ಒಂದೇ. ಒಂದು ಸೆಂಟಿಮೀಟರ್ ದಪ್ಪಕ್ಕೆ ಹೆಚ್ಚಿ, ತಣ್ಣೀರಲ್ಲಿ ಅರ್ಧ ಗಂಟೆ ನೆನೆಸಿ, ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ಅರ್ಧ ಕಿಲೋಗೆ ಒಂದು ದೊಡ್ಡ ಚಮಚ ಕಾರ್ನ್ ಫ್ಲೋರ್ ಸವರುವುದು. ಆಮೇಲೆ ಎಣ್ಣೆ. ಎಣ್ಣೆ ಮೊದಲು ಹಾಕಿ ಮೇಲೆ ಹಿಟ್ಟು ಉದುರಿಸಿದರೆ ಗಂಟುಗಂಟಾಗಿ ಅಂಟಿಕೊಳ್ಳುತ್ತದೆ. ಉಪ್ಪು ಬೆಂದ ಮೇಲೇ, ಮೊದಲೇ ಹಾಕಿದರೆ ನೀರು ಬಿಡುತ್ತದೆ. ಹಸಿ ಗೆಣಸನ್ನು ಫ್ರಿಜ್‌ನಲ್ಲಿ ಇಡಬೇಡಿ. ಜಾಸ್ತಿ ದಿನ ತಣ್ಣಗಿದ್ದರೆ ಎಷ್ಟು ಬೇಯಿಸಿದರೂ ನಡುಭಾಗ ಗಟ್ಟಿಯಾಗಿಯೇ ಉಳಿಯುತ್ತದೆ.

ಈಗ ಏರ್ ಫ್ರೈಯರ್. ಅದರ ಗುಣ ಮೊದಲು. 200 ಡಿಗ್ರಿಗೆ ಇಟ್ಟು, ನಡುವೆ ಬುಟ್ಟಿ ಅಲ್ಲಾಡಿಸಿದರೆ, ಹದಿನೈದು ನಿಮಿಷದ ಆಸುಪಾಸಿನಲ್ಲಿ ಅಂಚೆಲ್ಲ ಗರಿಗರಿ. ಎಣ್ಣೆ ಎರಡು ಚಮಚ ಸಾಕು. ಓವನ್ ಕಾಯುವಷ್ಟರಲ್ಲಿ ಇಲ್ಲಿ ಅರ್ಧ ಕೆಲಸ ಮುಗಿದಿರುತ್ತದೆ. ಒಬ್ಬರಿಗೆ, ಹೆಚ್ಚೆಂದರೆ ಇಬ್ಬರಿಗೆ ಆಗುವಷ್ಟು ಹಾಕಿದರೆ ಇದನ್ನು ಮೀರಿಸುವುದು ಕಷ್ಟ. ಬುಟ್ಟಿ ತುಂಬಿಸಿದಿರೋ, ಒಂದರ ಮೇಲೊಂದು ಕೂತು ಹಬೆಯಲ್ಲಿ ಬೇಯುತ್ತವೆ, ಅದು ಫ್ರೈಸ್ ಅಲ್ಲ, ಬೇಯಿಸಿದ ಗೆಣಸು.

ಚೀಸ್ ಹಾಕಿದಾಗ ಶುರುವಾಗುತ್ತದೆ ನೋಡಿ ತಮಾಷೆ. ಈ ಯಂತ್ರ ಅಂದರೆ ಮೇಲೊಂದು ಕಾದ ಕಾಯಿಲ್, ಅದರ ಹಿಂದೆ ಜೋರಾಗಿ ತಿರುಗುವ ಫ್ಯಾನ್, ಕೆಳಗೆ ತೂತಿನ ಬುಟ್ಟಿ. ಫ್ರೈಸ್ ಗರಿಯಾಗುವುದು ಈ ಮೂರರಿಂದಲೇ. ಚೀಸ್ ಹಾಳಾಗುವುದೂ ಈ ಮೂರರಿಂದಲೇ. ಫ್ರೈಸ್ ಮೇಲೆ ಒಂದು ಹಿಡಿ ಚೀಸ್ ತುರಿ ಹರಡಿ ಬುಟ್ಟಿ ತಳ್ಳಿ ಬಟನ್ ಒತ್ತಿದರೆ, ಒಳಗೆ ಆ ತುರಿ ಕಣದಲ್ಲಿ ತೂರಿದ ಹೊಟ್ಟಿನ ಹಾಗೆ ಎದ್ದು ಹಾರುತ್ತದೆ. ಕರಗಿ ಅಂಟಿಕೊಳ್ಳಲು ಅದಕ್ಕೆ ಒಂದು ನಿಮಿಷವಾದರೂ ಬೇಕು, ಫ್ಯಾನ್ ಅಷ್ಟು ಹೊತ್ತು ಕಾಯುವುದಿಲ್ಲ. ಹಾರಿದ್ದರಲ್ಲಿ ಸ್ವಲ್ಪ ಬುಟ್ಟಿಯ ಗೋಡೆಗೆ ಮೆತ್ತಿಕೊಳ್ಳುತ್ತದೆ. ಸ್ವಲ್ಪ ನೇರ ಕಾಯಿಲ್‌ಗೆ. ಕಾಯಿಲ್‌ಗೆ ತಾಗಿದ್ದು ಆ ಕ್ಷಣವೇ ಸೀದು ಹೊಗೆ, ಹಿಂದಿನ ಕಿಂಡಿಯಿಂದ ನೀಲಿ ಹೊಗೆ ಅಡುಗೆಮನೆಗೆ. ಆ ಘಾಟು ಅಂದು ಪೂರ್ತಿ ಹೋಗಲಿಲ್ಲ, ಮಾರನೆಯ ದಿನ ಬ್ರೆಡ್ ಬಿಸಿ ಮಾಡಿದರೂ ಅದೇ ವಾಸನೆ.

ಹಾರದೆ ಉಳಿದದ್ದು ಕರಗಿ ಕೆಳಗಿಳಿಯುತ್ತದೆ. ಫ್ರೈಸ್ ಸಂದಿಯಿಂದ ಇಳಿದು, ತೂತಿನಿಂದ ತೊಟ್ಟಿಕ್ಕಿ, ಕೆಳಗಿನ ತಟ್ಟೆಯಲ್ಲಿ ಕಂದು ಬಣ್ಣದ ಹಾಳೆಯಾಗಿ ಕೂತಿರುತ್ತದೆ. ಬುಟ್ಟಿ ಎಳೆದು ನೋಡಿದರೆ ಮೇಲೆ ಫ್ರೈಸ್ ಬೋಳುಬೋಳು, ಚೀಸ್ ಎಲ್ಲ ಪಾತ್ರೆಗೆ. ಪ್ರತಿ ತೂತಿನಲ್ಲೂ ಒಂದೊಂದು ಗಟ್ಟಿ ಬೊಟ್ಟು. ನಾನ್‌ಸ್ಟಿಕ್ ಲೇಪನ ಇರುವುದರಿಂದ ಚಾಕು ಹಾಕಿ ಕೆರೆಯುವಂತಿಲ್ಲ, ತಂತಿ ಬ್ರಷ್ಷೂ ಇಲ್ಲ. ಬಿಸಿನೀರು, ಸೋಪು ಹಾಕಿ ನೆನೆಸಿಟ್ಟು ಟೂತ್‌ಪಿಕ್ ಹಿಡಿದು ಒಂದೊಂದೇ ತೂತು ಬಿಡಿಸುತ್ತ ಕೂರಬೇಕು. ಕಾಯಿಲ್ ಇನ್ನೂ ಕಷ್ಟ. ಪ್ಲಗ್ ತೆಗೆದು, ಪೂರ್ತಿ ಆರಿದ ಮೇಲೆ, ಯಂತ್ರವನ್ನೇ ಬೋರಲು ಹಾಕಿ ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ತಿಂದದ್ದಕ್ಕಿಂತ ತೊಳೆದದ್ದೇ ಜಾಸ್ತಿ.

ಪರಿಹಾರ ಹುಡುಕದೆ ಇರಲಿಲ್ಲ. ಬುಟ್ಟಿಗೆ ಬೇಕಿಂಗ್ ಕಾಗದ ಹಾಸಿದರೆ ಚೀಸ್ ಕೆಳಗಿಳಿಯುವುದು ನಿಲ್ಲುತ್ತದೆ, ಗಾಳಿಯೂ ನಿಲ್ಲುತ್ತದೆ, ತಳ ಮೆತ್ತಗಾಗುತ್ತದೆ. ಕಾಗದದ ಮೇಲೆ ಭಾರ ಸಾಲದಿದ್ದರೆ ಅದೇ ಎದ್ದು ಕಾಯಿಲ್‌ಗೆ ತಾಗಿ ಹೊತ್ತಿಕೊಳ್ಳುವ ಭಯ ಬೇರೆ. ಹಾಗಾಗಿ ಖಾಲಿ ಕಾಗದ ಇಟ್ಟು ಯಂತ್ರ ಕಾಯಿಸಲೇಬೇಡಿ. ತುರಿ ಬದಲು ಚೀಸ್ ಸ್ಲೈಸ್ ಹೊದಿಸಿ ನೋಡಿದೆ. ಗಾಳಿ ಅದರ ಅಂಚು ಎತ್ತಿ, ಮಡಚಿ, ಒಂದೇ ಮೂಲೆಗೆ ಮುದ್ದೆ ಮಾಡಿತು. ಫ್ರೈಸ್ ಆದ ಕೂಡಲೇ ಯಂತ್ರ ಆಫ್ ಮಾಡಿ, ಚೀಸ್ ಉದುರಿಸಿ, ಒಳಗಿನ ಕಾವಿನಲ್ಲೇ ಎರಡು ನಿಮಿಷ ಬಿಡುವುದು ಇದ್ದುದರಲ್ಲಿ ವಾಸಿ. ಚೀಸ್ ಕರಗುತ್ತದೆ, ಹಾರುವುದಿಲ್ಲ. ಆದರೆ ಮೇಲೆ ಕೆಂಪಗಾಗಿ ಗುಳ್ಳೆ ಏಳುವುದಿಲ್ಲ. ನನಗೆ ಬೇಕಾದದ್ದೇ ಆ ಗುಳ್ಳೆ. ಒಳಗೆ ಹಿಡಿಸುವ ಪುಟ್ಟ ಕೇಕ್ ಟಿನ್‌ಗೆ ಫ್ರೈಸ್ ಸುರಿದು ಚೀಸ್ ಹಾಕಿದರೂ ಆಗುತ್ತದೆ, ಆದರೆ ಅಷ್ಟು ಪುಟ್ಟ ಟಿನ್‌ನಲ್ಲಿ ನಾಲ್ಕು ಜನಕ್ಕೆ ಮಾಡುವುದು ಅಂದರೆ ರಾತ್ರಿಯಿಡೀ ಅದೇ ಕೆಲಸ.

ಎಣ್ಣೆಯಲ್ಲಿ ಕರಿಯುವುದರ ಬಗ್ಗೆ ಜಾಸ್ತಿ ಬರೆಯಲು ಇಲ್ಲ. ಎರಡು ಸಲ ಕರಿಯಬೇಕು, ಮೊದಲು 160 ಡಿಗ್ರಿಯಲ್ಲಿ ಬಣ್ಣ ಬರದ ಹಾಗೆ ಬೇಯಿಸಿ ತೆಗೆದು, ಆರಿಸಿ, ಆಮೇಲೆ 180ರ ಮೇಲೆ ಬೇಗ ಒಂದು ಸುತ್ತು. ಒಂದೇ ಸಲ ಜೋರು ಎಣ್ಣೆಗೆ ಬಿಟ್ಟರೆ ಹೊರಗೆ ಕಪ್ಪು, ಒಳಗೆ ಹಸಿ. ಬಾಯಿಗಿಟ್ಟರೆ ಆ ಕರಂ ಕುರುಂ ಸದ್ದಿಗೆ ಸಾಟಿಯಿಲ್ಲ, ಒಪ್ಪುತ್ತೇನೆ. ಆದರೆ ಕರಿದದ್ದರ ಗರಿ ನಿಲ್ಲಬೇಕಾದರೆ ಒಳಗಿನ ಹಬೆ ಹೊರಗೆ ಹೋಗುತ್ತಿರಬೇಕು. ಮೇಲೆ ಚೀಸ್ ಮುಚ್ಚಿದರೆ ಹಬೆಗೆ ದಾರಿ ಎಲ್ಲಿ? ಒಳಗೇ ಸುತ್ತಿ ಸಿಪ್ಪೆಯನ್ನೇ ನೆನೆಸುತ್ತದೆ. ಕರಿದ ಎಣ್ಣೆ, ಚೀಸ್ ಬಿಟ್ಟ ಎಣ್ಣೆ ಎರಡೂ ಸೇರಿ ತಟ್ಟೆಯ ತಳದಲ್ಲಿ ಕೆರೆ. ಹಾಗೆ ತಿನ್ನಬೇಕು ಅಂದರೆ ಚೀಸನ್ನು ಸಾಸ್ ಮಾಡಿ ಬೇರೆ ಬಟ್ಟಲಲ್ಲಿ ಇಟ್ಟು ಅದ್ದಿಕೊಂಡು ತಿನ್ನಿ. ಮಿಕ್ಕ ಎಣ್ಣೆ ಏನು ಮಾಡುವುದು ಅನ್ನುವ ಪ್ರಶ್ನೆ ಬೇರೆ.

ಪ್ಯಾಕೆಟ್‌ನ ಫ್ರೋಜನ್ ಫ್ರೈಸ್ ಬೈಯುವ ಹಾಗಿಲ್ಲ. ಬಹಳಷ್ಟಕ್ಕೆ ಪಿಷ್ಟದ ತೆಳು ಲೇಪ ಇರುತ್ತದೆ, ಅದಕ್ಕೇ ಗರಿ ಚೆನ್ನಾಗಿ ನಿಲ್ಲುತ್ತದೆ. ಕರಗಲು ಬಿಡದೆ ನೇರ ಬಿಸಿ ಟ್ರೇಗೆ ಹಾಕಿ.

ಇನ್ನು ನನ್ನ ಓವನ್. ಕಪ್ಪು ಬಣ್ಣದ ಭಾರವಾದ ಟ್ರೇಯನ್ನು ಖಾಲಿಯಾಗಿಯೇ ಒಳಗಿಟ್ಟು 220 ಡಿಗ್ರಿಗೆ ಕಾಯಿಸುತ್ತೇನೆ. ಗೆಣಸು ಹಾಕಿದರೆ ಚುರ್ ಅನ್ನಬೇಕು. ಆ ಮೊದಲ ಬಿಸಿಯಲ್ಲೇ ತಳ ಗಟ್ಟಿಯಾಗುವುದು, ತಣ್ಣನೆ ಟ್ರೇಯಲ್ಲಿ ಎಷ್ಟು ಹೊತ್ತು ಬಿಟ್ಟರೂ ಹಾಗಾಗುವುದಿಲ್ಲ. ಒಂದಕ್ಕೊಂದು ತಾಗದ ಹಾಗೆ ಹರಡಿ, ಹದಿನೈದು ನಿಮಿಷ ಮುಟ್ಟಬಾರದು. ಬೇಗ ತಿರುವಿದರೆ ಸಿಪ್ಪೆ ಟ್ರೇಗೇ ಅಂಟಿ ಕಿತ್ತು ಬರುತ್ತದೆ. ತಾನಾಗಿಯೇ ಬಿಟ್ಟುಕೊಂಡರೆ ಆಯಿತು ಅಂತ ಅರ್ಥ. ತಿರುವಿ ಇನ್ನೊಂದು ಹತ್ತು ನಿಮಿಷ. ಹೊರತೆಗೆದಾಗ ಒಂದು ತುಂಡು ಮುರಿದು ನೋಡಿ. ಅಂಚು ಕಡುಗೆಂಪು, ಟ್ರೇಗೆ ತಾಗಿದ್ದ ಎರಡು ಮೈ ಒಣಗಿ ಸಣ್ಣ ಸಣ್ಣ ಗುಳ್ಳೆ ಎದ್ದಿರುತ್ತದೆ, ಮುರಿದ ಜಾಗದಿಂದ ಒಂದು ಎಳೆ ಹಬೆ ಬಂದು ನಿಲ್ಲುತ್ತದೆ. ಹಬೆ ಬರುತ್ತಲೇ ಇದ್ದರೆ ಇನ್ನೂ ಮೂರು ನಿಮಿಷ ಬೇಕು.

ಆಮೇಲೆ ಅದೇ ಟ್ರೇಯಲ್ಲಿ ನಡುವಿಗೆ ಗುಡ್ಡೆ ಮಾಡಿ, ಒಂದು ಪದರ ಫ್ರೈಸ್, ಸ್ವಲ್ಪ ಚೀಸ್, ಮತ್ತೆ ಫ್ರೈಸ್, ಮತ್ತೆ ಚೀಸ್. ಮೇಲಿನ ಕಾಯಿಲ್ ಮಾತ್ರ ಉರಿಯುವ ಗ್ರಿಲ್‌ಗೆ ತಿರುಗಿಸಿ ಎರಡು ಮೂರು ನಿಮಿಷ, ಬಾಗಿಲ ಹತ್ತಿರವೇ ನಿಂತಿರಬೇಕು, ಫೋನ್ ನೋಡಿಕೊಂಡು ಅಲ್ಲ. ನೇರ ಬಿಸಿ ಮೇಲಿಂದ, ಗಾಳಿ ಇಲ್ಲ, ತಳ ಸಮತಟ್ಟು. ಇಳಿದ ಚೀಸ್ ಎಲ್ಲೂ ಹೋಗುವುದಿಲ್ಲ, ಟ್ರೇ ಮೇಲೆಯೇ ಹರಡಿ ಗರಿಗರಿ ಅಂಚಾಗುತ್ತದೆ, ಮನೆಯಲ್ಲಿ ಜಗಳ ನಡೆಯುವುದೇ ಆ ಅಂಚಿಗೆ. ಬೇಕಿಂಗ್ ಕಾಗದ ಹಾಸಿದ್ದರೆ ಗ್ರಿಲ್‌ಗೆ ಮೊದಲು ತೆಗೆದುಬಿಡಿ, ಅಷ್ಟು ಹತ್ತಿರದ ಉರಿ ಅದು ತಡೆಯುವುದಿಲ್ಲ.

ದೂರು ಇಲ್ಲವೇ? ಇದೆ. ಕಾಯುವುದೂ ಸೇರಿ ಮುಕ್ಕಾಲು ಗಂಟೆ. ಸೆಕೆಗಾಲದಲ್ಲಿ ಅಡುಗೆಮನೆಯಲ್ಲಿ ನಿಲ್ಲಲಾಗುವುದಿಲ್ಲ. ನನ್ನ ಓವನ್‌ನ ಹಿಂದಿನ ಎಡಮೂಲೆ ಸದಾ ಮುಂಚೆ ಸೀಯುತ್ತದೆ, ತಿರುವುವಾಗ ಟ್ರೇಯನ್ನೂ ತಿರುಗಿಸಿಡಬೇಕು.

ಚೀಸ್ ಯಾವುದು ಅನ್ನುವುದೂ ಅಷ್ಟೇ ಮುಖ್ಯ. ತುರಿದೇ ಬರುವ ಪ್ಯಾಕೆಟ್ ನನಗಾಗದು. ಎಳೆ ಎಳೆ ಅಂಟಿಕೊಳ್ಳಬಾರದು ಅಂತ ಪಿಷ್ಟವನ್ನೋ ಸೆಲ್ಯುಲೋಸ್ ಪುಡಿಯನ್ನೋ ಸವರಿರುತ್ತಾರೆ, ಅದರಿಂದ ಕರಗಿದ ಮೇಲೂ ತರಿತರಿ. ಗಟ್ಟಿ ಚೀಸ್ ತಂದು ನಾವೇ ತುರಿದರೆ ನಯವಾಗಿ ಹರಿಯುತ್ತದೆ. ಮೊಜರೆಲ್ಲಾ ಅರ್ಧ, ಚೆಡ್ಡಾರ್ ಅರ್ಧ. ಬರೀ ಮೊಜರೆಲ್ಲಾ ಆದರೆ ಎಳೆ ಬರುತ್ತದೆ, ರುಚಿ ಸಪ್ಪೆ, ಆರಿದ ಮೇಲೆ ರಬ್ಬರ್. ಬರೀ ಹಳೇ ಚೆಡ್ಡಾರ್ ಎಣ್ಣೆ ಕಕ್ಕುತ್ತದೆ. ಸ್ಲೈಸ್ ರೂಪದ ಸಂಸ್ಕರಿಸಿದ ಚೀಸ್‌ನಲ್ಲಿ ಎಣ್ಣೆ, ನೀರು ಬೇರಾಗದ ಹಾಗೆ ಹಿಡಿದಿಡುವ ಲವಣ ಇರುತ್ತದೆ, ಆದ್ದರಿಂದ ಅದು ಒಡೆಯದೆ ಕರಗುತ್ತದೆ. ಬಿಸಿ ಹಾಲಲ್ಲಿ ಕರಗಿಸಿ ಸಾಸ್ ಮಾಡಲು ಅದೇ ಸರಿ. ಚೀಸ್‌ನಲ್ಲೇ ಉಪ್ಪಿರುವುದರಿಂದ ಫ್ರೈಸ್‌ಗೆ ಚಿಟಿಕೆ ಸಾಕು.

ಮೇಲೆ ಹಾಕುವ ಈರುಳ್ಳಿ ಸೊಪ್ಪು, ಹಸಿಮೆಣಸಿನಕಾಯಿ, ಬೇಯಿಸಿದ ಕಪ್ಪು ಬೀನ್ಸ್ ಏನೇ ಇರಲಿ, ನೀರು ಬಸಿದು ಕೊನೆಗೆ ಹಾಕಿ. ಸವರ್ ಕ್ರೀಮ್ ಪಕ್ಕದಲ್ಲಿರಲಿ. ನಿಂಬೆ ಹಿಂಡುವುದು ಮರೆಯಬೇಡಿ.

ನಾನು ಇದನ್ನು ಮಾಡುವುದು ವಾರದ ಕೊನೆಗೆ, ಎಲ್ಲರೂ ಇರುವಾಗ, ದೊಡ್ಡ ಟ್ರೇ ತುಂಬ. ಓವನ್ ಆಗಲೇ ಮನೆಯಲ್ಲಿದೆ, ಹೊಸ ಖರ್ಚಿಲ್ಲ, ತೊಳೆಯಲು ಒಂದೇ ಟ್ರೇ. ಹಾಗಾಗಿ ನನಗೆ ಎರಡು ಮಾತಿಲ್ಲ. ಒಬ್ಬರೇ ಇದ್ದು, ಓವನ್ ಇಲ್ಲದೆ, ಕೆಲಸ ಮುಗಿಸಿ ಬಂದು ಇಪ್ಪತ್ತು ನಿಮಿಷದಲ್ಲಿ ತಿನ್ನಬೇಕು ಅನ್ನುವವರು ಏರ್ ಫ್ರೈಯರ್‌ನಲ್ಲಿ ಸಾದಾ ಫ್ರೈಸ್ ಮಾಡಿ, ಸ್ಟವ್ ಮೇಲೆ ಚೀಸ್ ಸಾಸ್ ಕಾಸಿ ತಟ್ಟೆಯಲ್ಲಿ ಸುರಿದುಕೊಳ್ಳಿ. ಚೀಸ್ ಅನ್ನು ಯಂತ್ರದೊಳಗೇ ಕರಗಿಸಬೇಕು ಅನ್ನುವ ಹಟ ಇದ್ದರೆ, ಕೊಳ್ಳುವ ಮೊದಲು ಬುಟ್ಟಿಯ ಬದಲು ತೂತಿಲ್ಲದ ಅಗಲ ತಟ್ಟೆ ಹಿಡಿಸುತ್ತದೆಯೇ, ಆ ತಟ್ಟೆಗೂ ಮೇಲಿನ ಕಾಯಿಲ್‌ಗೂ ನಡುವೆ ಎಷ್ಟು ಜಾಗ ಉಳಿಯುತ್ತದೆ ಅಂತ ಬಾಗಿಲು ತೆಗೆಸಿ ನೋಡಿ. ಬುಟ್ಟಿ ಎಷ್ಟು ಲೀಟರ್ ಅನ್ನುವುದು ಅದಾದ ಮೇಲೆ.