ಒತ್ತೆಯಾಳು ಸಂಧಾನ: ನ್ಯೂಯಾರ್ಕ್ ಪೊಲೀಸಾ, ಎಫ್‌ಬಿಐಯಾ?

ಅಮೆರಿಕದ ಪೌರತ್ವ ಇರುವ ನಮ್ಮ ಕನ್ನಡದ ಹುಡುಗ ಹುಡುಗಿಯರು ಯಾರಾದರೂ ಒತ್ತೆಯಾಳುಗಳನ್ನು ಮಾತಿನಿಂದಲೇ ಬಿಡಿಸುವ ಸಂಧಾನಕಾರರ ಕೆಲಸಕ್ಕೆ ಹೋಗಬೇಕೆಂದಿದ್ದರೆ, ನನ್ನ ಒಲವು ನ್ಯೂಯಾರ್ಕ್ ಪೊಲೀಸ್ ಕಡೆಗೇ. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಇಸ್ರೇಲಿ ತಂಡದವರು ಒತ್ತೆಯಾಳುಗಳಾಗಿ ಸತ್ತ ದುರಂತದ ನಂತರ ಹಾರ್ವಿ ಶ್ಲಾಸ್‌ಬರ್ಗ್ ಮತ್ತು ಫ್ರಾಂಕ್ ಬೋಲ್ಜ್ ಕಟ್ಟಿದ ತಂಡ ಅದು. ಶ್ಲಾಸ್‌ಬರ್ಗ್ ಪತ್ತೇದಾರರೂ ಹೌದು, ಮನಶ್ಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದವರೂ ಹೌದು. ತಂಡದ ಘೋಷವಾಕ್ಯ 'ನನ್ನ ಜೊತೆ ಮಾತಾಡು', ಅಷ್ಟೇ. ಆದರೆ ಸುಮ್ನೆ ಸೇರಿಸಿಕೊಳ್ಳೋದಿಲ್ಲ. ಬೀದಿಯಲ್ಲಿ ವರ್ಷಗಟ್ಟಲೆ ಪಳಗಿದ ಪತ್ತೇದಾರರೇ ಬೇಕು, ಯಾಕಂದ್ರೆ ಬಾಗಿಲು ಹಾಕಿಕೊಂಡು ಕತ್ತಿ ಹಿಡಿದು ಕೂತವನ ಮಾತನ್ನು ಗಂಟೆಗಟ್ಟಲೆ ಕೇಳುವ ತಾಳ್ಮೆ ಪುಸ್ತಕದಿಂದ ಬರಲ್ಲ, ಅಲ್ವಾ?

ಎಫ್‌ಬಿಐಗೆ, ಅಂದರೆ ಅಮೆರಿಕದ ಕೇಂದ್ರ ತನಿಖಾ ಸಂಸ್ಥೆಗೆ, ಪದವಿ ಬೇಕು. ಮೊದಲು ಏಜೆಂಟ್ ಆಗಬೇಕು, ಆಮೇಲೆ ವರ್ಜೀನಿಯಾದ ಕ್ವಾಂಟಿಕೋದಲ್ಲಿರುವ ಅವರ ಅಕಾಡೆಮಿಯಲ್ಲಿ ಎರಡು ವಾರದ ಸಂಧಾನ ತರಬೇತಿ. ವಿದೇಶಗಳಲ್ಲಿ ಅಮೆರಿಕನ್ನರ ಅಪಹರಣದಂಥ ಕೇಸುಗಳಲ್ಲಿ ಆಸಕ್ತಿ ಇದ್ದರೆ ಇದೇ ಸರಿಯಾದ ಜಾಗ.

ಆದರೆ 1993ರಲ್ಲಿ ಟೆಕ್ಸಾಸ್‌ನ ವೇಕೋ ಬಳಿ ಒಂದು ಧಾರ್ಮಿಕ ಪಂಥದ ನೆಲೆಗೆ ಎಫ್‌ಬಿಐ ಹಾಕಿದ್ದ ಮುತ್ತಿಗೆಯ ಬಗ್ಗೆ ಓದಿಕೊಂಡೇ ಹೋಗಿ. ಸಂಧಾನಕಾರರು ಬರೀ ಮಾತಿನಿಂದ 35 ಜನರನ್ನು ಹೊರಗೆ ತಂದರು, ಅದರಲ್ಲಿ 21 ಮಕ್ಕಳು. ಅದೇ ಹೊತ್ತಿಗೆ ಅದೇ ಸಂಸ್ಥೆಯ ಕಾರ್ಯಾಚರಣೆ ತಂಡ ಕರೆಂಟ್ ತೆಗೆದು, ರಾತ್ರಿಯಿಡೀ ಜೋರಾಗಿ ಶಬ್ದ ಹಾಕಿ, ಕಟ್ಟಿದ ನಂಬಿಕೆಯನ್ನೇ ಮುರಿಯಿತು. 51ನೇ ದಿನ 70ಕ್ಕೂ ಜಾಸ್ತಿ ಜನ ಸತ್ತರು. ನೆನೆದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ಯಾವ ತಂಡಕ್ಕೇ ಹೋದರೂ, ಸಂಧಾನಕಾರರ ಮಾತನ್ನು ಮೇಲಧಿಕಾರಿಗಳು ಎಷ್ಟು ಕೇಳುತ್ತಾರೆ ಅಂತ ಒಳಗಿರುವವರನ್ನೇ ವಿಚಾರಿಸಿ.