ಎದೆಹಾಲಿನ ಕೈಪಂಪು: ಕೂಸಿಗೆ ವರ್ಷ ತುಂಬುವವರೆಗೆ ಕೆಲಸಕ್ಕೆ, ಆಮೇಲೆ ಅಟ್ಟಕ್ಕೆ

"ರಜೆ ಮುಗೀತು, ಇನ್ನು ಕೂಸಿಗೆ ಹಾಲು ಬಿಡಿಸಿಬಿಡು" ಎಂಬ ಮಾತು ಮನೆಯಲ್ಲಿ ಎದ್ದಾಗಲೇ ದಾವಣಗೆರೆಯ ಮೆಡಿಕಲ್ ಶಾಪುಗಳಲ್ಲಿ ಪಂಪಿನ ವಿಚಾರಣೆಯೂ ಶುರುವಾಗುತ್ತದೆ. ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿಯ ನಂತರ ಮೊದಲೆರಡು ಹೆರಿಗೆಗೆ 26 ವಾರ ರಜೆ. ಅದರಲ್ಲಿ 8 ವಾರದವರೆಗೆ ಹೆರಿಗೆಗೆ ಮೊದಲೇ ತೆಗೆದುಕೊಂಡಿದ್ದರೆ, ಬರೀ ಎದೆಹಾಲಿನ ಆರು ತಿಂಗಳು ತುಂಬುವ ಮುನ್ನವೇ ಕೆಲಸಕ್ಕೆ ಹೊರಡಬೇಕು. ಜಗಳೂರಿಗೋ ಹರಿಹರಕ್ಕೋ ದಿನಾ ಬಸ್ಸಿನಲ್ಲಿ ಹೋಗಿಬರುವ ಟೀಚರಿಗೆ, ಬ್ಯಾಂಕಿನವರಿಗೆ, ನರ್ಸಿಗೆ ಯಾವ ಪಂಪು ಸಾಕು? ನಮ್ಮ ಉತ್ತರ: ಕರೆಂಟಿಲ್ಲದ ಕೈಪಂಪು.

ಇದರ ಭಾಗಗಳು ಐದಾರು: ಎದೆಗೆ ಹಚ್ಚುವ ಕೊಳವೆ, ಹಿಡಿ, ಸೆಳೆತ ಹುಟ್ಟಿಸುವ ಸಿಲಿಕೋನ್ ಡಯಾಫ್ರಾಮ್, ಹಾಲು ಒಮ್ಮುಖವಾಗಿ ಇಳಿಯಲು ಪುಟ್ಟ ವಾಲ್ವ್, ಕೆಳಗೆ ಬಾಟಲಿ. ಮೆಡೆಲಾ ಕಂಪನಿಯ ಹಾರ್ಮನಿ ಎಂಬ ಕೈಪಂಪಿನ ಹಿಡಿಯಲ್ಲಿ ಎರಡು ಬದಿ ಇವೆ. ಗಿಡ್ಡ ಬದಿಯಲ್ಲಿ ಬೇಗಬೇಗ, ಹಗುರವಾಗಿ ಒತ್ತಿ ಹಾಲು ಇಳಿಸಿ, ಧಾರೆ ಶುರುವಾದ ಮೇಲೆ ಉದ್ದ ಬದಿಯಲ್ಲಿ ನಿಧಾನಕ್ಕೆ ಒತ್ತುವುದು. ಕೂಸು ಚೀಪುವ ರೀತಿಯೂ ಇದೇ. ಒಂದೇ ಬಗೆಯ ಹಿಡಿ ಇರುವ ಪಂಪಿನಲ್ಲಿ ಈ ಲಯವನ್ನು ಕೈಯೇ ಕಲಿಯಬೇಕು.

ಹೆಚ್ಚಿನ ದೂರುಗಳ ಮೂಲ ಕೊಳವೆಯ ಅಳತೆ. ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಬರುವುದು 24 ಮಿ.ಮೀ. ತೊಟ್ಟಿನ ಬುಡದ ಅಗಲ ಅಳೆದು 2-3 ಮಿ.ಮೀ. ಸೇರಿಸಿದರೆ ನಿಮ್ಮ ಅಳತೆ ಸಿಗುತ್ತದೆ. ಕೊಳವೆ ಕಿರಿದಾದರೆ ತೊಟ್ಟು ಉಜ್ಜಿ ಬಿಳಿಚುತ್ತದೆ, ಹಿರಿದಾದರೆ ಸುತ್ತಲಿನ ಕಪ್ಪು ಭಾಗವೂ ಒಳಗೆ ಸೆಳೆದು ನೋವಾಗುತ್ತದೆ. ನೋವಾದರೆ ಹಾಲು ಇಳಿಯುವುದಿಲ್ಲ. ಆಗ "ನನಗೆ ಹಾಲೇ ಕಡಿಮೆ" ಎಂದು ತಾಯಿ ಅಂದುಕೊಳ್ಳುತ್ತಾಳೆ. ಪಂಪಿಗೆ ಬಂದಷ್ಟೇ ಎದೆಯಲ್ಲಿರುವ ಹಾಲು ಎನ್ನುವುದು ತಪ್ಪು ಲೆಕ್ಕ. ಚೆನ್ನಾಗಿ ಚೀಪುವ ಕೂಸು ಪಂಪಿಗಿಂತ ಹೆಚ್ಚು ಎಳೆಯುತ್ತದೆ.

ಇದ್ದಕ್ಕಿದ್ದಂತೆ ಸೆಳೆತ ಕಡಿಮೆಯಾದರೆ ಮೊದಲು ವಾಲ್ವ್ ನೋಡಿ. ಬೆರಳು ಹಾಕಿ ತಿಕ್ಕಿ ತೊಳೆದರೆ ಅದರ ಸೀಳು ದೊಡ್ಡದಾಗಿ ಗಾಳಿ ಸೋರುತ್ತದೆ. ಬಿಡಿಯಾಗಿ ಒಂದು ವಾಲ್ವ್ ಕೊಂಡಿಟ್ಟಿರಿ. ಅದು ಸಿಗದ ಕಂಪನಿಯ ಪಂಪು ಅಗ್ಗವಾದರೂ ಬೇಡ. ನಮ್ಮ ಬೋರ್‌ವೆಲ್ ನೀರಿನಲ್ಲಿ ಕುದಿಸಿದರೆ ಸಿಲಿಕೋನಿನ ಮೇಲೆ ಬಿಳಿ ಪದರ ಕೂರುತ್ತದೆ. ಆರ್‌ಓ ಫಿಲ್ಟರ್ ನೀರು ಬಳಸಿ.

ಒಂಬತ್ತು ತಾಸು ಹೊರಗಿದ್ದರೆ ಕೂಸಿಗೆ ಎರಡು-ಮೂರು ಸಲ, ಸಲಕ್ಕೆ 90ರಿಂದ 120 ಮಿ.ಲೀ. ಬೇಕಾದೀತು. ಮೂರು ತಾಸಿಗೊಮ್ಮೆ, ಎರಡೂ ಕಡೆ ಸೇರಿ 15-20 ನಿಮಿಷ ತೆಗೆಯಿರಿ. ಮಗುವಿಗೆ 15 ತಿಂಗಳಾಗುವವರೆಗೆ ದಿನಕ್ಕೆ ಎರಡು ಹಾಲೂಡಿಸುವ ಬಿಡುವು ಕಾನೂನಿನಲ್ಲೇ ಇದೆ. ಕೇಳಿ ಪಡೆಯಿರಿ.

ಇಲ್ಲಿ ಪಂಪಿಗಿಂತ ದೊಡ್ಡ ತಲೆನೋವು ಬಿಸಿಲು. ತೆಗೆದ ಹಾಲು ನಾಲ್ಕು ತಾಸು ಇರುತ್ತದೆ ಎನ್ನುವುದು 25 ಡಿಗ್ರಿಯವರೆಗಿನ ಕೋಣೆಗೆ ಹೇಳಿದ ಮಾತು. ಏಪ್ರಿಲ್ ಮಧ್ಯಾಹ್ನ ದಾವಣಗೆರೆಯ ಸ್ಟಾಫ್ ರೂಮಿನಲ್ಲಿ ಅದನ್ನು ನಂಬಬೇಡಿ, ಚಿತ್ರದುರ್ಗದಲ್ಲೂ ಅಷ್ಟೇ. ಐಸ್ ಪ್ಯಾಕ್ ಇಟ್ಟ ಇನ್ಸುಲೇಟೆಡ್ ಚೀಲದಲ್ಲಿ ಹಾಕಿ, ಮನೆಗೆ ಬಂದ ಕೂಡಲೇ ಫ್ರಿಜ್ಜಿಗೆ, ಬಾಗಿಲಿನಲ್ಲಲ್ಲ, ಒಳಗೆ. 4 ಡಿಗ್ರಿಯಲ್ಲಿ ನಾಲ್ಕು ದಿನ ಇಡಬಹುದು. ಮೇಲೆ ಕೆನೆ ಕಟ್ಟಿದ್ದರೆ ಕೆಟ್ಟಿದೆ ಎಂದಲ್ಲ, ಮೆಲ್ಲಗೆ ತಿರುಗಿಸಿದರೆ ಬೆರೆಯುತ್ತದೆ. ಬಿಸಿನೀರಿನ ಪಾತ್ರೆಯಲ್ಲಿಟ್ಟು ಬೆಚ್ಚಗೆ ಮಾಡಿ. ಒಲೆಯ ಮೇಲೂ ಮೈಕ್ರೋವೇವಿನಲ್ಲೂ ಕಾಯಿಸಬೇಡಿ.

ಪೆಟ್ಟಿಗೆಯಲ್ಲಿ ನಿಪ್ಪಲ್ ಬಂದಿದ್ದರೆ ಪಕ್ಕಕ್ಕಿಡಿ. ಅಜ್ಜಿಯ ಒಳಲೆಯೇ ಮೇಲು: ಸಂದುಗೊಂದಿಲ್ಲ, ತೊಳೆಯುವುದು ಸುಲಭ, ಕೂಸು ಎದೆ ಚೀಪುವ ರೀತಿಯನ್ನೂ ಮರೆಯುವುದಿಲ್ಲ. ಮಗುವನ್ನು ಅರೆ ಕೂರಿಸಿ ತುಟಿಗೆ ತಾಗಿಸಿ, ಗಂಟಲಿಗೆ ಸುರಿಯಬೇಡಿ.

ಎಷ್ಟು ದಿನ? ವಿಶ್ವ ಆರೋಗ್ಯ ಸಂಸ್ಥೆ ಆರು ತಿಂಗಳು ಬರೀ ಎದೆಹಾಲು, ಆಮೇಲೆ ಊಟದ ಜೊತೆ ಎರಡು ವರ್ಷ ಮತ್ತು ಅದಕ್ಕೂ ಮೇಲೆ ಎನ್ನುತ್ತದೆ. ಹಿಂದೆ ಒಂದು ವರ್ಷದ ಮಾತಾಡುತ್ತಿದ್ದ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯೂ 2022ರಲ್ಲಿ ಎರಡು ವರ್ಷ ಮತ್ತು ಮೇಲಿನ ಅವಧಿಯನ್ನು ಬೆಂಬಲಿಸಿತು. ನಮ್ಮ ಮನೆಗಳಲ್ಲಿ ಒಬ್ಬ ಅಜ್ಜಿ "ಮುಂದಿನ ಬಸಿರಿನವರೆಗೆ ಕೊಡು" ಅಂದರೆ ಇನ್ನೊಬ್ಬರು "ವರ್ಷದ ಮೇಲೆ ಹಾಲು ಬರೀ ನೀರು" ಅನ್ನುತ್ತಾರೆ. ನೀರಾಗುವುದಿಲ್ಲ, ಎರಡನೇ ವರ್ಷದಲ್ಲೂ ಮಗುವಿಗೆ ಬೇಕಾದ ಶಕ್ತಿಯ ಮೂರರಲ್ಲಿ ಒಂದು ಪಾಲನ್ನು ಅದು ಕೊಡಬಲ್ಲದು. ಆದರೆ "ಹಾಲು ಕುಡಿದು ಕುಡಿದು ರಾಗಿ ಸರಿ ಮುಟ್ಟಲ್ಲ" ಎಂಬ ಅತ್ತೆಯ ದೂರಿನಲ್ಲಿ ಹುರುಳಿದೆ. ಎದೆಹಾಲಿನಲ್ಲಿ ಕಬ್ಬಿಣಾಂಶ ಕಡಿಮೆ, ಆರು ತಿಂಗಳ ಮೇಲೆ ಅದು ಊಟದಿಂದಲೇ ಬರಬೇಕು. ಹತ್ತನೇ ತಿಂಗಳಲ್ಲೂ ದಿನವಿಡೀ ಎದೆಯೇ ಆದರೆ ಹಸಿವು ಹುಟ್ಟುವುದಿಲ್ಲ. ಆ ವಯಸ್ಸಿಗೆ ಊಟ ಮೊದಲು, ಹಾಲು ಆಮೇಲೆ. ಹಲ್ಲು ಬಂದ ಮೇಲೆ ಮಲಗುವ ಮುನ್ನ ಉಜ್ಜಿಸಿ. ತೊಟ್ಟಿಗೆ ಬೇವು, ಲೋಳೆಸರ ಹಚ್ಚಿ ಒಂದೇ ದಿನದಲ್ಲಿ ಬಿಡಿಸುವುದು ಮಾತ್ರ ಬೇಡ, ಎದೆ ಕಟ್ಟಿ ಜ್ವರ ಬಂದೀತು. ಕೆಲವು ದಿನಕ್ಕೊಂದು ಹೊತ್ತಿನಂತೆ ಬಿಡಿಸುತ್ತಾ ಬನ್ನಿ.

ಎರಡು ವರ್ಷ ಕೊಡುವವರಿಗೂ ಎರಡು ವರ್ಷ ಪಂಪು ಬೇಕಿಲ್ಲ. ವರ್ಷ ತುಂಬಿದ ಮಗು ಹಗಲು ಊಟ ಮಾಡಿ, ಬೆಳಿಗ್ಗೆ, ಸಂಜೆ, ರಾತ್ರಿ ಎದೆಯಿಂದಲೇ ಕುಡಿಯುತ್ತದೆ. ಅದಕ್ಕೇ ಹಲವು ಪಟ್ಟು ಬೆಲೆಯ ಎಲೆಕ್ಟ್ರಿಕ್ ಪಂಪು ಬೇಡ ಎನ್ನುತ್ತೇವೆ. ಅವಧಿಗೆ ಮುನ್ನ ಹುಟ್ಟಿ ಆಸ್ಪತ್ರೆಯ ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿರುವ (ಎನ್‌ಐಸಿಯು) ಕೂಸಿನ ತಾಯಿಯ ಮಾತು ಬೇರೆ. ದಿನಕ್ಕೆ ಎಂಟು ಸಲ ತೆಗೆಯಬೇಕಾದವಳ ಮಣಿಕಟ್ಟು ಕೈಪಂಪಿನಲ್ಲಿ ಸೋತುಹೋಗುತ್ತದೆ. ಆಕೆಗೆ ಆಸ್ಪತ್ರೆ ದರ್ಜೆಯ ಎಲೆಕ್ಟ್ರಿಕ್ ಪಂಪೇ ಬೇಕು.

ಉಳಿದವರು ಹೊಸದನ್ನೇ ಕೊಳ್ಳಿ, ಇನ್ನೊಬ್ಬರು ಬಳಸಿದ್ದು ಬೇಡ. ಬಿಡಿಯಾಗಿ ತಂದ ವಾಲ್ವೂ ಹರಿಯುವ ಹೊತ್ತಿಗೆ ಕೂಸಿಗೆ ವರ್ಷವಾಗಿದ್ದರೆ ಇನ್ನೊಂದನ್ನು ತರಬೇಡಿ.