ಮಂಡಿ ನೀರಿನ ರಿಪೋರ್ಟ್: ‘ನಾರ್ಮಲ್’ ಅಂದಾಕ್ಷಣ ನಂಬಬೇಡಿ

ಊದಿ ಬಿಸಿಯಾದ ಮಂಡಿ, ಜ್ವರ, ಜೊತೆಗೆ ಸಕ್ಕರೆ ಕಾಯಿಲೆ. ಮಧ್ಯಾಹ್ನ ಸೂಜಿ ಹಾಕಿ ನೀರು ತೆಗೆದರು. ಸಿರಿಂಜಿನಲ್ಲೇ ಉಳಿದ ಸ್ಯಾಂಪಲ್ ರಾತ್ರಿಯೆಲ್ಲ ಫ್ರಿಜ್‌ನಲ್ಲಿದ್ದು ಮರುದಿನ ಲ್ಯಾಬ್ ಸೇರಿತು. ರಿಪೋರ್ಟ್: ಬಿಳಿ ರಕ್ತಕಣ ಘನ ಮಿಲಿಮೀಟರಿಗೆ 1,800, ಗ್ರಾಂ ಸ್ಟೈನ್‌ನಲ್ಲಿ (ಬಣ್ಣ ಹಾಕಿ ಬ್ಯಾಕ್ಟೀರಿಯಾ ಹುಡುಕುವ ಪರೀಕ್ಷೆ) ಬ್ಯಾಕ್ಟೀರಿಯಾ ಇಲ್ಲ, ಗೌಟ್‌ನಂಥ ಕೀಲುರೋಗದ ಹರಳು ಇಲ್ಲ. ಮೂಳೆ ಸವೆತ ಅಂತ ನೋವಿನ ಮಾತ್ರೆ ಕೊಟ್ಟು ಕಳಿಸಿದರು. ವಾರ ಕಳೆಯುವುದರೊಳಗೆ ಮಂಡಿ ತೆರೆದು ಕೀವು ತೊಳೆಯಬೇಕಾಯಿತು. ಆಸ್ಪತ್ರೆ ಯಾವುದು ಎನ್ನುವುದು ಮುಖ್ಯವಲ್ಲ, ಇಲ್ಲಿ ಆದದ್ದು ಯಾವ ಲ್ಯಾಬ್‌ನಲ್ಲಾದರೂ ಆಗಬಹುದು.

ದೊಡ್ಡ ಎಡವಟ್ಟು ಆ 1,800ರಲ್ಲೇ ಇದೆ. ರಕ್ತದ ಬಿಳಿಕಣ ಎಣಿಸಲು ಲ್ಯಾಬ್ ಮೇಜಿನ ಮೇಲೆ ಸದಾ ಇರುವ ಟರ್ಕ್ಸ್ ಫ್ಲೂಯಿಡ್‌ನಲ್ಲಿ ಅಸಿಟಿಕ್ ಆಮ್ಲ ಇರುತ್ತದೆ. ಕೀಲಿನ ನೀರಿಗೆ ಆಮ್ಲ ತಾಗಿದರೆ ಅದರಲ್ಲಿರುವ ಹೈಲುರಾನಿಕ್ ಆಮ್ಲ ಪ್ರೋಟೀನ್ ಜೊತೆ ಸೇರಿ ಒಡೆದ ಹಾಲಿನಂತೆ ಗಂಟು ಕಟ್ಟುತ್ತದೆ. ಕಣಗಳು ಗಂಟಿನೊಳಗೆ ಸಿಕ್ಕಿಬೀಳುತ್ತವೆ, ಎಣಿಕೆ ಇಳಿಯುತ್ತದೆ. ಕಣ ಎಣಿಸುವ ಗಾಜಿನ ಚೇಂಬರ್‌ನಲ್ಲಿ ಎಳೆಎಳೆಯಾದ ಕಸ ಕಂಡರೆ ಆ ಎಣಿಕೆ ಬಿಸಾಡಿ. ಬಳಸಬೇಕಾದದ್ದು 0.9% ಸಲೈನ್, ಗುರುತಿಸಲು ಚೂರು ಮಿಥಿಲೀನ್ ಬ್ಲೂ. ರಕ್ತ ಬೆರೆತಿದ್ದರೆ 0.3% ಸಲೈನ್, ಕೆಂಪು ಕಣ ಒಡೆಯುತ್ತವೆ, ಬಿಳಿಯವು ಉಳಿಯುತ್ತವೆ. ತೀರಾ ಅಂಟಾಗಿದ್ದರೆ ಮೊದಲು ಹೈಲುರಾನಿಕ್ ಆಮ್ಲವನ್ನು ಒಡೆಯುವ ಹೈಲುರಾನಿಡೇಸ್ ಕಿಣ್ವ ಹಾಕಬೇಕು, ಇಲ್ಲವಾದರೆ ಕೌಂಟರ್ ಮಷೀನ್ ಕಟ್ಟಿಕೊಳ್ಳುತ್ತದೆ. ಮಷೀನ್ ಕೊಬ್ಬಿನ ಹನಿಯನ್ನೂ ಕಣವೆಂದು ಎಣಿಸಬಹುದು. ತಡವೂ ಇದಕ್ಕೆ ಸೇರುತ್ತದೆ: ಗಂಟೆಗಳು ಕಳೆದಂತೆ ಬಿಳಿಕಣಗಳೇ ಒಡೆದುಹೋಗುತ್ತವೆ. ಒಂದು ಗಂಟೆಯೊಳಗೆ ಎಣಿಸಿದರೆ ಒಳ್ಳೆಯದು.

ಘನ ಮಿಲಿಮೀಟರಿಗೆ 200ರೊಳಗೆ ಇದ್ದರೆ ಸಹಜ, 2,000ದವರೆಗೆ ಸವೆತದಂಥ ಉರಿಯೂತವಿಲ್ಲದ ತೊಂದರೆ, ಅದರಾಚೆ ಉರಿಯೂತ, 50,000 ದಾಟಿದರೆ ಸೋಂಕಿನ ಗುಮಾನಿ. ಇವು ಗಡಿಕಲ್ಲುಗಳಲ್ಲ, ಸೋಂಕು ಕೆಳಗೂ ಇರಬಹುದು, ಗೌಟ್‌ನಲ್ಲಿ (ಕೀಲಿನಲ್ಲಿ ಯೂರೇಟ್ ಹರಳು ಕಟ್ಟುವ ರೋಗ) ಎಣಿಕೆ ಅದಕ್ಕೂ ಮೇಲೆ ಹೋಗಬಹುದು. ಆದರೆ 30,000 ಇದ್ದದ್ದು 1,800 ಆಗಿಬಿಟ್ಟರೆ ಯಾರೂ ಎರಡನೇ ಸಲ ಯೋಚಿಸುವುದಿಲ್ಲ.

ಟ್ಯೂಬ್ ವಿಷಯ. ಎಣಿಕೆಗೆ ನೇರಳೆ ಮುಚ್ಚಳದ ಇಡಿಟಿಎ (ಹೆಪ್ಪುಗಟ್ಟದಂತೆ ತಡೆಯುವ ರಾಸಾಯನಿಕ) ಟ್ಯೂಬ್ ಸಾಕು, ಆದರೆ ಒಳಗೆ ಪುಡಿ ಇರುವ ಟ್ಯೂಬ್‌ಗೆ ನಾಲ್ಕು ಹನಿ ಹಾಕಿದರೆ ಕರಗದ ಪುಡಿಯೇ ಹರಳಾಗಿ ಕಾಣುತ್ತದೆ. ಹರಳು ನೋಡಲು ಸೋಡಿಯಂ ಹೆಪಾರಿನ್ ಬೇಕು, ಅದೂ ಹೆಪ್ಪು ತಡೆಯುವುದೇ. ಲಿಥಿಯಂ ಹೆಪಾರಿನ್ ಟ್ಯೂಬ್‌ಗೂ ಹಸಿರು ಮುಚ್ಚಳವೇ, ಅದು ಹರಳಿನ ವೇಷ ಹಾಕುತ್ತದೆ. ಬಣ್ಣ ನೋಡಬೇಡಿ, ಲೇಬಲ್ ಓದಿ. ಕಲ್ಚರ್‌ಗೆ (ರೋಗಾಣು ಬೆಳೆಸಿ ನೋಡುವ ಪರೀಕ್ಷೆ) ಹಾಸಿಗೆ ಪಕ್ಕದಲ್ಲೇ ಬ್ಲಡ್ ಕಲ್ಚರ್ ಬಾಟಲಿಗೆ ಹಾಕಿ, ಗ್ರಾಂ ಸ್ಟೈನ್‌ಗೆ ಸ್ವಲ್ಪ ನೀರನ್ನು ಸ್ಟೆರೈಲ್ ಡಬ್ಬಿಯಲ್ಲಿ ಬೇರೆ ಇಡಿ. ಆಂಟಿಬಯೋಟಿಕ್ ಶುರುವಾಗುವ ಮೊದಲೇ ತೆಗೆಯಬೇಕು. ಕಲ್ಚರ್ ಸ್ಯಾಂಪಲ್ ಫ್ರಿಜ್‌ಗೆ ಹೋಗಬಾರದು: ಗೊನೊಕಾಕಸ್‌ನಂಥ ಬ್ಯಾಕ್ಟೀರಿಯಾ ಚಳಿಗೆ ಸಾಯುತ್ತವೆ. ಬಂದದ್ದು ನಾಲ್ಕೇ ಹನಿಯಾದರೆ ಕಲ್ಚರ್‌ಗೆ ಮೊದಲ ಪಾಲು, ಒಂದು ಹನಿ ಸ್ಲೈಡ್‌ಗೆ, ಮಿಕ್ಕದ್ದೆಲ್ಲ ಆಮೇಲೆ.

‘ಹರಳು ಇಲ್ಲ’ ಎಂದು ಬರೆದಿದ್ದರೆ, ಯಾವ ಮೈಕ್ರೋಸ್ಕೋಪ್‌ನಲ್ಲಿ ನೋಡಿದಿರಿ ಅಂತ ಕೇಳಿ. ಪೋಲರೈಸರ್ ಮತ್ತು ರೆಡ್ ಕಾಂಪೆನ್ಸೇಟರ್ (ಹರಳನ್ನು ಹೊಳೆಯಿಸಿ ಬಣ್ಣದಿಂದ ಗುರುತಿಸಲು ನೆರವಾಗುವ ಭಾಗಗಳು) ಇಲ್ಲದ ಕಡೆ ಆ ಮಾತಿಗೆ ಹೆಚ್ಚು ಬೆಲೆಯಿಲ್ಲ. ಗೌಟ್‌ನ ಯೂರೇಟ್ ಹರಳು ಸೂಜಿಯಂತೆ, ಹೊಳಪು ಜೋರು. ಕಾಂಪೆನ್ಸೇಟರ್‌ನ ನಿಧಾನ ಅಕ್ಷಕ್ಕೆ ಸಮಾನಾಂತರವಾಗಿದ್ದಾಗ ಹಳದಿ, ಅಡ್ಡವಾಗಿದ್ದಾಗ ನೀಲಿ. ಗೌಟ್‌ನಂತೆಯೇ ಕಾಣುವ ಸೂಡೋಗೌಟ್‌ನ ಕ್ಯಾಲ್ಸಿಯಂ ಹರಳು ಗಿಡ್ಡ, ಮಂಕು, ಬಣ್ಣ ತಿರುವುಮುರುವು. ಹೆಚ್ಚಾಗಿ ಕಣ್ತಪ್ಪುವುದು ಇದೇ, ಸ್ಯಾಂಪಲ್ ಹಳತಾದರೆ ಕರಗಿಯೂ ಹೋಗುತ್ತದೆ. ಹಿಂದಿನ ವಾರ ಅದೇ ಮಂಡಿಗೆ ಸ್ಟೆರಾಯ್ಡ್ ಚುಚ್ಚಿದ್ದರೆ ಅದರ ಹರಳೂ ಯೂರೇಟ್‌ನಂತೆ ಕಾಣಬಹುದು, ಲ್ಯಾಬ್ ಚೀಟಿಯಲ್ಲಿ ಬರೆದು ಕಳಿಸಿ. ಹರಳು ಸಿಕ್ಕಿತು ಅಂತ ಸೋಂಕನ್ನು ಕೈಬಿಡಬೇಡಿ, ಎರಡೂ ಒಂದೇ ಕೀಲಿನಲ್ಲಿರುವುದುಂಟು.

ಸೋಂಕಿರುವ ಕೀಲುಗಳಲ್ಲೂ ಸುಮಾರು ಅರ್ಧ ಅಥವಾ ಅದಕ್ಕೂ ಹೆಚ್ಚಿನವುಗಳಲ್ಲಿ ಗ್ರಾಂ ಸ್ಟೈನ್ ನೆಗೆಟಿವ್ ಬರುತ್ತದೆ. ಕ್ಷಯದಲ್ಲಿ ಎಎಫ್‌ಬಿ ಸ್ಮಿಯರ್‌ನ (ಕ್ಷಯದ ಬ್ಯಾಕ್ಟೀರಿಯಾ ಹುಡುಕುವ ಸ್ಲೈಡ್ ಪರೀಕ್ಷೆ) ಕಥೆ ಇನ್ನೂ ಕಡೆ. ತಿಂಗಳಾನುಗಟ್ಟಲೆ ಒಂದೇ ಮಂಡಿ ಊದಿದ್ದರೆ ಕೀಲಿನ ಪೊರೆಯ ಬಯಾಪ್ಸಿ ಬಗ್ಗೆ ವೈದ್ಯರನ್ನು ಕೇಳಿ, ಕಲ್ಚರ್‌ಗೆ ಎಂಟು ವಾರದವರೆಗೂ ಕಾಯಬೇಕಾಗಬಹುದು.

ಪ್ಯಾಕೇಜ್ ಅಂತ ಸೇರಿಸುವ ಪ್ರೋಟೀನ್, ಮ್ಯೂಸಿನ್ ಕ್ಲಾಟ್ (ಆಮ್ಲ ಹಾಕಿ ಗಂಟು ನೋಡುವ ಪರೀಕ್ಷೆ), ಕೀಲಿನ ನೀರಿನ ಯೂರಿಕ್ ಆಸಿಡ್ ಇವಕ್ಕೆ ದುಡ್ಡೂ ದಂಡ, ಇರುವ ಸ್ವಲ್ಪ ನೀರೂ ದಂಡ.